ವರದಿ ಪುಸ್ತಕದ ಖಾಲಿ ಸಾಲು

ನಾನು ಕಲಿತ ಶಾಲೆಗೆ ಐವತ್ತು ವರ್ಷ ತುಂಬಿತೆಂದೂ, ಸ್ಮರಣ ಸಂಚಿಕೆಗೆ ನನ್ನಿಂದಲೂ ಒಂದು ಲೇಖನ ಬೇಕೆಂದೂ ಸಂಪಾದಕ ಮಂಡಳಿಯವರು ಪತ್ರ ಬರೆದಾಗ ಸಂತೋಷಕ್ಕಿಂತ ಸಂಕೋಚವೇ ಹೆಚ್ಚಾಯಿತು. ಸಾಹಿತ್ಯ ನನ್ನ ಕ್ಷೇತ್ರವಲ್ಲ. ಮೂರು ದಶಕಗಳಿಗೂ ಮಿಕ್ಕಿ ದಾದಿಯಾಗಿ ದುಡಿದು ನಿವೃತ್ತಳಾದವಳು ನಾನು. ನಾನು ಬರೆದದ್ದೆಲ್ಲವೂ ವಾರ್ಡಿನ ವರದಿ ಪುಸ್ತಕಗಳಲ್ಲಿದೆ. ಆ ಪುಸ್ತಕಗಳನ್ನು ಏನಾದರೂ ಅನಾಹುತ ಆಗುವವರೆಗೆ ಯಾರೂ ಓದುವುದಿಲ್ಲ. ಆದ ಮೇಲೆ ಎಲ್ಲರೂ ಓದುತ್ತಾರೆ. ಆದುದರಿಂದ ಅಂಥ ಒಂದು ಪುಸ್ತಕದಲ್ಲಿ ನಾನು ಬರೆಯದೆ ಬಿಟ್ಟ ಒಂದು ಸಾಲಿನ ಕುರಿತೇ ಇಲ್ಲಿ ಬರೆಯುತ್ತೇನೆ.

ಶಾಲೆ ಆರಂಭವಾದ ಕೆಲವೇ ವರ್ಷಗಳಲ್ಲಿ ನಾನು ಐದನೆಯ ಇಯತ್ತೆಗೆ ಸೇರಿದೆ. ಗಡಹಿಂಗ್ಲಜದ ಪೇಟೆಯಲ್ಲಿ ಬೆಲ್ಲದ ವ್ಯಾಪಾರ ಮರಾಠಿಯಲ್ಲಿ ನಡೆಯುತ್ತಿತ್ತು, ನಮ್ಮ ಮನೆಯ ಜಗಳಗಳು ಕನ್ನಡದಲ್ಲಿ ನಡೆಯುತ್ತಿದ್ದವು. ಎರಡೂ ಭಾಷೆ ಬಾಯಿಗೆ ಬರುತ್ತಿದ್ದವು. ಕೈಗೆ ಮಾತ್ರ ಯಾವುದೂ ನೆಟ್ಟಗೆ ಬರುತ್ತಿರಲಿಲ್ಲ. ಕನ್ನಡ ಕಲಿಸುತ್ತಿದ್ದ ಗುರುಗಳು ವಾರಕ್ಕೆರಡು ಸಲ ಉಕ್ತಲೇಖನ ಬರೆಯಿಸುವರು. ಅವರದೊಂದು ವಿಚಿತ್ರ ನಿಯಮವಿತ್ತು. ರಬ್ಬರು ಮುಟ್ಟಕೂಡದು. ತಪ್ಪಿದ ಪದದ ಮೇಲೆ ಒಂದೇ ಒಂದು ಗೆರೆ ಎಳೆದು, ಮೇಲ್ಗಡೆ ಸರಿಯಾದ ಪದ ಬರೆದು, ಪಕ್ಕದಲ್ಲಿ ತಾರೀಖು ಹಾಕಬೇಕು. ಗೆರೆಯ ಕೆಳಗೆ ತಪ್ಪು ಓದಲು ಬರುವಂತೆಯೇ ಇರಬೇಕು. ಒತ್ತಕ್ಷರ ಬಿಡುವುದರಲ್ಲಿ ನಾನು ಇಡೀ ವರ್ಗಕ್ಕೆ ಪ್ರಸಿದ್ಧಳಾಗಿದ್ದೆನಾಗಿ ನನ್ನ ವಹಿಯ ಪುಟಗಳು ಗೆರೆಗಳಿಂದಲೇ ತುಂಬಿರುತ್ತಿದ್ದವು. ಗುರುಗಳು ಮಕ್ಕಳನ್ನು ಅವಮಾನಿಸುವುದಕ್ಕಾಗಿಯೇ ಈ ಉಪಾಯ ಮಾಡಿದ್ದಾರೆಂದು ಆಗ ಅನಿಸುತ್ತಿತ್ತು.

ಮುಂದೆ ನರ್ಸಿಂಗ್ ತರಬೇತಿಗೆ ಸೇರಿದಾಗ ಮೊದಲ ವಾರವೇ ಬೋಧಕಿಯವರು ಇದೇ ನಿಯಮವನ್ನು ಇಂಗ್ಲಿಷಿನಲ್ಲಿ ಹೇಳಿದರು. ರೋಗಿಯ ದಾಖಲೆಯಲ್ಲಿ ತಪ್ಪಾದರೆ ಕೆರೆದು ಅಳಿಸಬಾರದು, ಮಸಿ ಬಳಿಯಬಾರದು. ಒಂದು ಗೆರೆ, ಸರಿಯಾದ ಪದ, ಸಹಿ, ತಾರೀಖು, ವೇಳೆ. ನಾನು ನಕ್ಕುಬಿಟ್ಟೆ. ಏಕೆಂದು ಕೇಳಿದರೆ ಹೇಳಲು ಬಾಯಿ ಬರಲಿಲ್ಲ.

ಫ್ಲಾರೆನ್ಸ್ ನೈಟಿಂಗೇಲಳ ಕೈಯಲ್ಲಿ ದೀಪವಿತ್ತೆಂದು ಮೇ 12ರಂದು ಪ್ರತಿ ಆಸ್ಪತ್ರೆಯಲ್ಲಿಯೂ ಭಾಷಣವಾಗುತ್ತದೆ. ಆಕೆಯ ಇನ್ನೊಂದು ಕೈಯಲ್ಲಿ ಲೆಕ್ಕದ ಪುಸ್ತಕವಿತ್ತೆಂಬುದನ್ನು ಹೇಳುವವರು ಕಡಿಮೆ. ಕ್ರಿಮಿಯಾ ಯುದ್ಧದ ಸೈನಿಕರಲ್ಲಿ ಗಾಯದಿಂದ ಸತ್ತವರೆಷ್ಟು, ರೋಗದಿಂದ ಸತ್ತವರೆಷ್ಟು ಎಂಬುದನ್ನು ಎಣಿಸಿ, ಚಿತ್ರ ಬರೆದು ಸರಕಾರದ ಮುಂದೆ ಇಟ್ಟವಳು ಆಕೆ. ನಮ್ಮ ವೃತ್ತಿ ಬರವಣಿಗೆಯ ವೃತ್ತಿ ಕೂಡ ಆಗಿದೆಯೆಂದು ನನಗೆ ಅರ್ಥವಾಗಲು ಒಂದು ಪ್ರಾಣ ಹೋಗಿ ಬರಬೇಕಾಯಿತು.

1992ರ ಮಳೆಗಾಲ. ಗಡಿಭಾಗದ ಒಂದು ಆಸ್ಪತ್ರೆಯಲ್ಲಿದ್ದೆ. ಅದರ ಹೆಸರು ಇಲ್ಲಿ ಬೇಡ. ಆ ದಿನ ನನ್ನದು ಮಧ್ಯಾಹ್ನದ ಪಾಳಿ. ರಾತ್ರಿ ಎಂಟಕ್ಕೆ ಪಾಳಿ ಮುಗಿಯಲು ಅರ್ಧ ಗಂಟೆಯಿರುವಾಗ ಹಳ್ಳಿಯಿಂದ ಒಬ್ಬ ಮುದುಕಿಯನ್ನು ಮಗ ಹೊತ್ತು ತಂದ. ಶೇಂಗಾ ಹೊಲದಲ್ಲಿ ಕಳೆ ತೆಗೆಯುವಾಗ ಮುಳ್ಳು ನೆಟ್ಟು, ಕಾಲು ಮೊಣಕಾಲಿನವರೆಗೆ ಬಾತಿತ್ತು. ವೈದ್ಯರು ನೋಡಿ, ಪರೀಕ್ಷಾ ಡೋಸ್ ಕೊಟ್ಟು ಪೆನ್ಸಿಲಿನ್ ಆರಂಭಿಸಬೇಕೆಂದು ಬರೆದು ಶಸ್ತ್ರಕ್ರಿಯೆಯ ಕೋಣೆಗೆ ಹೋದರು. ಔಷಧ ಹೊರಗಿನ ಅಂಗಡಿಯಿಂದ ಬರಬೇಕಾಗಿತ್ತು. ಮಗ ಚೀಟಿ ಹಿಡಿದುಕೊಂಡು ಓಡಿದ.

ಅಜ್ಜಿಗೆ ಮರಾಠಿ ಒಂದಕ್ಷರವೂ ತಿಳಿಯದು. ಆ ಪಾಳಿಯಲ್ಲಿ ಕನ್ನಡ ಬಲ್ಲವಳು ನಾನೊಬ್ಬಳೇ. ನನ್ನ ಮಾತು ಕೇಳಿದೊಡನೆ ಆಕೆಯ ಮುಖ ಅರಳಿತು, ಕೈ ಹಿಡಿದುಕೊಂಡು ಹೇಳಿದಳು: "ಯವ್ವಾ, ಬಿಳೀ ಪುಡಿಗೆ ನೀರ ಕಲಸಿ ಹಾಕತಾರಲ್ಲ, ಆ ಸೂಜಿ ನನಗ ಆಗಿ ಬರಂಗಿಲ್ಲ. ಹಿಂದಕ ಒಮ್ಮೆ ಹಾಕಿಸಿಕೊಂಡಾಗ ಕಣ್ಣಿಗೆ ಕತ್ತಲಿ ಬಂದು ಬಿದ್ದಿದ್ದೆ."

ಇದು ಪೆನ್ಸಿಲಿನ್ ವಿಷಯವೆಂದು ನನಗೆ ಕೂಡಲೇ ಹೊಳೆಯಿತು. ಕೇಸ್ ಪೇಪರಿನ ಮೇಲ್ಭಾಗದಲ್ಲಿ ಕೆಂಪು ಮಸಿಯಿಂದ ಅದನ್ನು ಬರೆಯಬೇಕಾಗಿತ್ತು. ಶಸ್ತ್ರಕ್ರಿಯೆಯ ಕೋಣೆಯ ಬಾಗಿಲಿಗೆ ಹೋಗಿ ವೈದ್ಯರಿಗೆ ತಿಳಿಸಬೇಕಾಗಿತ್ತು. ಎರಡನ್ನೂ ನಾನು ಮಾಡಲಿಲ್ಲ. ನಲವತ್ತಕ್ಕೂ ಹೆಚ್ಚು ರೋಗಿಗಳಿದ್ದರು, ಇಬ್ಬರಿಗೆ ಸಲಾಯಿನ್ ಮುಗಿಯುತ್ತ ಬಂದಿತ್ತು, ಕೊನೆಯ ಬಸ್ಸು ತಪ್ಪುವ ಭಯವೂ ಇತ್ತು. ಇವು ಕಾರಣಗಳೇ ಹೊರತು ಸಮರ್ಥನೆಗಳಲ್ಲ. ರಾತ್ರಿಯ ಪಾಳಿಗೆ ಬಂದ ದಾದಿಗೆ ವಾರ್ಡು ಒಪ್ಪಿಸುವಾಗ, ಹದಿನಾಲ್ಕನೆಯ ಹಾಸಿಗೆಗೆ ಪೆನ್ಸಿಲಿನ್ ಕೊಡಬೇಡ, ವೈದ್ಯರನ್ನು ಕೇಳಿ ಬದಲಿಸು ಎಂದು ಮರಾಠಿಯಲ್ಲಿ ಬಾಯಿಮಾತಿನಲ್ಲಿ ಹೇಳಿದೆ. ಹಾಸಿಗೆಯ ಸಂಖ್ಯೆ ಹೇಳಿದೆ; ಹೆಸರು ಹೇಳಲಿಲ್ಲ.

ನಾನು ಹೊರಟ ಸ್ವಲ್ಪ ಹೊತ್ತಿನಲ್ಲಿಯೇ ರಸ್ತೆ ಅಪಘಾತದ ಗಾಯಾಳು ಬಂದುದರಿಂದ ಅಜ್ಜಿಯನ್ನು ಹದಿನಾಲ್ಕರಿಂದ ಎಬ್ಬಿಸಿ ಬಾಗಿಲ ಬಳಿಯ ಹಾಸಿಗೆಗೆ ಕಳಿಸಿದರು. ಒಂಬತ್ತೂವರೆಗೆ ಮಗ ಔಷಧ ತಂದ. ಆ ದಾದಿ ನಿಯಮದಂತೆಯೇ ಚರ್ಮದಡಿ ಪರೀಕ್ಷಾ ಡೋಸ್ ಕೊಟ್ಟಳು. ಬಹಳ ಅಪರೂಪಕ್ಕೆ ಆ ಒಂದು ಹನಿಯೇ ಸಾಕಾಗುತ್ತದೆ. ಕೆಲವೇ ನಿಮಿಷಗಳಲ್ಲಿ ಮೈಯೆಲ್ಲ ದದ್ದು, ಬೆವರು, ಉಸಿರು ಕಟ್ಟುವುದು, ನಾಡಿ ಸಿಗದಿರುವುದು. ಅದೃಷ್ಟವಶಾತ್ ತಟ್ಟೆಯಲ್ಲಿ ಅಡ್ರಿನಲಿನ್ ಸಿದ್ಧವಾಗಿತ್ತು, ವೈದ್ಯರೂ ಕಟ್ಟಡದಲ್ಲಿಯೇ ಇದ್ದರು. ಆ ತಟ್ಟೆಯನ್ನು ಸಿದ್ಧ ಮಾಡಿಟ್ಟವಳು ಆ ದಾದಿಯೇ ಎಂಬುದನ್ನು ಇಲ್ಲಿ ಹೇಳಲೇಬೇಕು. ಅಜ್ಜಿ ಬದುಕಿಕೊಂಡಳು.

ಮಗ ದೂರು ಕೊಟ್ಟ. ಅವನ ತಾಯಿ ಹೇಳಿದ್ದಳು, ಅವನಿಗೆ ಗೊತ್ತಿತ್ತು. ವಿಚಾರಣೆಯ ಹಿಂದಿನ ಸಂಜೆ ಮೇಲಧಿಕಾರಿಯೊಬ್ಬರು ನನ್ನನ್ನು ಕರೆದು ವರದಿ ಪುಸ್ತಕ ತೆರೆದು ತೋರಿಸಿದರು. ಆ ದಿನದ ನನ್ನ ವರದಿಯ ಕೊನೆಯ ವಾಕ್ಯಕ್ಕೂ ಸಹಿಗೂ ನಡುವೆ ಒಂದು ಸಾಲಿನಷ್ಟು ಜಾಗ ಖಾಲಿಯಿತ್ತು. "ನೀನು ಹೇಳಿದ್ದು ನಿಜವಲ್ಲವೆ? ಹಾಗಾದರೆ ಬರೆ," ಎಂದರು. ಕೆಟ್ಟ ಮನುಷ್ಯರಲ್ಲ, ನನ್ನ ಮೇಲೆ ಅವರಿಗೆ ಅಭಿಮಾನವಿತ್ತು.

ಇಲ್ಲಿಯ ತೊಡಕನ್ನು ವಾಚಕರು ಗಮನಿಸಬೇಕು. ಸಾಲು ಸುಳ್ಳಲ್ಲ. ನಾನು ಹೇಳಿದ್ದೆ. ಸುಳ್ಳಾಗುವುದು ಅದನ್ನು ಬರೆದ ಗಳಿಗೆ ಮಾತ್ರ. ಆದರೆ ಆ ಒಂದು ಸಾಲು ಬಿದ್ದೊಡನೆ ನನ್ನ ಹೆಗಲಿನ ಭಾರವೆಲ್ಲ ರಾತ್ರಿಯ ದಾದಿಯ ಹೆಗಲಿಗೆ ಹೋಗುತ್ತಿತ್ತು: ಲಿಖಿತ ಎಚ್ಚರಿಕೆ ಇದ್ದೂ ಸೂಜಿ ಕೊಟ್ಟವಳು ಎಂದು. ಆಕೆ ಸೇವೆಗೆ ಸೇರಿ ವರ್ಷವೂ ಆಗಿರಲಿಲ್ಲ. ಪೆನ್ನು ಕೈಗೆತ್ತಿಕೊಂಡೆ ಎಂಬುದನ್ನು ಮುಚ್ಚಿಡುವುದಿಲ್ಲ. ಎಷ್ಟು ಹೊತ್ತು ಹಿಡಿದು ಕುಳಿತೆನೋ ನೆನಪಿಲ್ಲ. ಕಡೆಗೆ ಆ ಖಾಲಿ ಜಾಗದಲ್ಲಿ ಅಡ್ಡಗೆರೆ ಎಳೆದು, ಅಂದಿನ ಪುಟದಲ್ಲಿ, ಅಂದಿನ ತಾರೀಖು ವೇಳೆ ಹಾಕಿ ಬರೆದೆ: ರೋಗಿಯು ತನಗೆ ಈ ಔಷಧ ಆಗದೆಂದು ನನಗೆ ತಿಳಿಸಿದ್ದಳು, ನಾನು ಬಾಯಿಮಾತಿನಲ್ಲಿ ತಿಳಿಸಿದೆ, ದಾಖಲಿಸಲಿಲ್ಲ. ಮೇಲಧಿಕಾರಿಗಳು ಪುಸ್ತಕ ಮುಚ್ಚಿ ಎದ್ದು ಹೋದರು.

ವಿಚಾರಣೆಯಲ್ಲಿ ರಾತ್ರಿಯ ದಾದಿ, ತನಗೆ ಯಾರೂ ಏನೂ ಹೇಳಲಿಲ್ಲವೆಂದಳು. ಭಯದಿಂದ ಹಾಗೆಂದಳೋ, ಆ ಗದ್ದಲದಲ್ಲಿ ನಿಜವಾಗಿಯೂ ನನ್ನ ಮಾತು ಆಕೆಯ ಕಿವಿಗೆ ಬಿದ್ದಿರಲಿಲ್ಲವೋ, ಇಂದಿಗೂ ನನಗೆ ತಿಳಿಯದು. ಅವಳ ಮಾತನ್ನು ಅಲ್ಲಗಳೆಯಲು ನನ್ನ ಬಳಿ ಏನಿತ್ತು? ನನಗೆ ಒಂದು ವರ್ಷ ವೇತನ ಬಡ್ತಿ ನಿಂತಿತು. ಆಕೆಗೆ ಎಚ್ಚರಿಕೆಯ ಪತ್ರ ಬಂದಿತು. ನಾವಿಬ್ಬರೂ ಆಮೇಲೆ ಮೊದಲಿನಂತೆ ಮಾತಾಡಲಿಲ್ಲ.

ಆ ದಿನಗಳಲ್ಲಿ ದಾದಿ ಯಾರಿಗೆ ಉತ್ತರ ಕೊಡಬೇಕೆಂದು ಕೇಳಿದ್ದರೆ, ವೈದ್ಯರಿಗೆ ಮತ್ತು ಮೇಟ್ರನ್ನರಿಗೆ ಎಂದು ಹೇಳುತ್ತಿದ್ದೆ. ಶಿಕ್ಷೆಯಾದ ಮೇಲೆ ಕಾನೂನಿನ ಪುಸ್ತಕಗಳನ್ನು ಹುಡುಕಿ ಓದತೊಡಗಿದೆ. ನಮ್ಮ ವಿದ್ಯೆಯ ಮಟ್ಟವನ್ನು ಗೊತ್ತುಪಡಿಸಲು 1947ರ ಭಾರತೀಯ ನರ್ಸಿಂಗ್ ಕೌನ್ಸಿಲ್ ಕಾಯ್ದೆ ಬಂದಿತ್ತು. ನಮ್ಮ ಹೆಸರು ಇರುವುದು 1966ರ ಮಹಾರಾಷ್ಟ್ರ ದಾದಿಯರ ಕಾಯ್ದೆಯ ಪ್ರಕಾರ ರಾಜ್ಯದ ಕೌನ್ಸಿಲ್ ಇಡುವ ನೋಂದಣಿಯಲ್ಲಿ. ಗಡಿಯಾಚೆ ಕರ್ನಾಟಕದಲ್ಲಿ 1961ರ ಕಾಯ್ದೆ. ನೋಂದಣಿಯೆಂದರೆ ನೌಕರಿಗೆ ಬೇಕಾದ ಒಂದು ಕಾಗದವೆಂದೇ ನಾವೆಲ್ಲ ತಿಳಿದಿದ್ದೆವು. ದುರ್ನಡತೆ ಸಿದ್ಧವಾದರೆ ಆ ಹೆಸರನ್ನು ತೆಗೆದುಹಾಕುವ ಅಧಿಕಾರವೂ ಅದೇ ಕೌನ್ಸಿಲಿಗೆ ಇದೆ. 2023ರಲ್ಲಿ ರಾಷ್ಟ್ರೀಯ ನರ್ಸಿಂಗ್ ಮತ್ತು ಸೂಲಗಿತ್ತಿ ಆಯೋಗದ ಕಾಯ್ದೆಯನ್ನು ಸಂಸತ್ತು ಅಂಗೀಕರಿಸಿತು. 1947ರ ಕಾಯ್ದೆಯ ಸ್ಥಾನವನ್ನು ಅದು ತುಂಬಬೇಕೆಂಬುದು ಉದ್ದೇಶ.

ನ್ಯಾಯಾಲಯದ ಬಾಗಿಲು ರೋಗಿಗೆ ನಿಜವಾಗಿ ತೆರೆದದ್ದು 1995ರಲ್ಲಿ. ಹಣ ಪಡೆದು ಕೊಡುವ ವೈದ್ಯಕೀಯ ಸೇವೆ 1986ರ ಗ್ರಾಹಕ ಸಂರಕ್ಷಣಾ ಕಾಯ್ದೆಯೊಳಗೆ ಬರುತ್ತದೆಂದು ಆ ವರ್ಷದ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಹೇಳಿತು. ಎಲ್ಲರಿಗೂ ಸಂಪೂರ್ಣ ಉಚಿತವಾಗಿ ಚಿಕಿತ್ಸೆ ಕೊಡುವ ಆಸ್ಪತ್ರೆಗಳು ಅದರ ಹೊರಗೆ ಉಳಿದವು. ಬಡವನು ಹೋಗುವ ಆಸ್ಪತ್ರೆಯೇ ಹೊರಗೆ ಉಳಿಯಿತಲ್ಲ ಎಂದು ನನಗೆ ಆಗ ಅನಿಸಿತ್ತು, ಈಗಲೂ ಅನಿಸುತ್ತದೆ.

ದಾದಿಯ ಸೂಜಿಯೇ ಸುಪ್ರೀಂ ಕೋರ್ಟಿಗೆ ಹೋದ ಪ್ರಕರಣವೊಂದಿದೆ. 1993ರ ಡಿಸೆಂಬರಿನಲ್ಲಿ ದೆಹಲಿಯ ಸ್ಪ್ರಿಂಗ್ ಮೆಡೋಸ್ ಆಸ್ಪತ್ರೆಗೆ ವಿಷಮಶೀತ ಜ್ವರವೆಂದು ಒಂದು ಮಗುವನ್ನು ಸೇರಿಸಿದ್ದರು. ದಾದಿ ಒಂದು ಚುಚ್ಚುಮದ್ದನ್ನು ತರಿಸಿ ಮಗುವಿನ ರಕ್ತನಾಳಕ್ಕೆ ಕೊಟ್ಟಳು. ಅದು ಬೇರೆಯೇ ಔಷಧವಾಗಿತ್ತು. ಮಗುವಿನ ಹೃದಯ ನಿಂತು, ಮತ್ತೆ ಚಲಿಸಿತಾದರೂ ಮಿದುಳು ಶಾಶ್ವತವಾಗಿ ಘಾಸಿಗೊಂಡಿತು. ವಿಚಾರಣೆಯಲ್ಲಿ ಹೊರಬಿದ್ದ ಸಂಗತಿಯೆಂದರೆ ಆ ದಾದಿ ಯಾವ ರಾಜ್ಯದ ಕೌನ್ಸಿಲಿನಲ್ಲಿಯೂ ನೋಂದಾಯಿಸಿದವಳಲ್ಲ. ಮಗುವಿಗೆ 12.5 ಲಕ್ಷ, ತಂದೆತಾಯಿಯರ ಸಂಕಟಕ್ಕೆ 5 ಲಕ್ಷ ರೂಪಾಯಿ ಪರಿಹಾರವನ್ನು 1998ರಲ್ಲಿ ಸುಪ್ರೀಂ ಕೋರ್ಟು ಎತ್ತಿಹಿಡಿಯಿತು. ಆ ಹುಡುಗಿಯ ಕೈಗೆ ಸೂಜಿ ಕೊಟ್ಟವರೂ ಉತ್ತರ ಕೊಡಬೇಕೆಂದು ಸ್ಪಷ್ಟವಾಯಿತು.

ವಾರ್ಡಿನ ಮುಖ್ಯಸ್ಥೆಯಾದ ಮೇಲೆ ನನಗೆ ಹೆಚ್ಚು ನಿದ್ದೆಗೆಡಿಸಿದ್ದು ಈ ಪ್ರಕರಣವೇ. ಕೆಲಸವನ್ನು ಇನ್ನೊಬ್ಬರಿಗೆ ವಹಿಸಿ ಕೊಡಬಹುದು. ವಹಿಸಿ ಕೊಟ್ಟುದರ ಹೊಣೆಯನ್ನು ವಹಿಸಿ ಕೊಡಲು ಬರುವುದಿಲ್ಲ. ಮೊದಲ ವರ್ಷದ ವಿದ್ಯಾರ್ಥಿನಿಯನ್ನು ರಾತ್ರಿ ಒಬ್ಬಳನ್ನೇ ಬಿಟ್ಟರೆ, ಬೆಳಿಗ್ಗೆ ಏನಾಗಿದ್ದರೂ ಅದರಲ್ಲಿ ನನ್ನ ಪಾಲಿದೆ. ಆದುದರಿಂದ ದಾದಿಯರ ಸಂಖ್ಯೆ ಕಡಿಮೆ ಬಿದ್ದ ಪ್ರತಿ ದಿನವೂ ಕಾರ್ಬನ್ ಹಾಕಿ ಎರಡು ಪ್ರತಿ ಪತ್ರ ಬರೆಯುವ ರೂಢಿ ಮಾಡಿಕೊಂಡೆ: ಇಂದು ಇಷ್ಟು ರೋಗಿಗಳು, ಇಷ್ಟು ದಾದಿಯರು. ಒಂದು ಮೇಲಕ್ಕೆ, ಒಂದು ನನ್ನ ಕಪಾಟಿಗೆ. ಕಚೇರಿಯವರು ನಗುತ್ತಿದ್ದರು. ರದ್ದಿಯವನಿಗೆ ಹಾಕಿದರೆ ಒಂದು ಸೀರೆ ಬಂದೀತು ಎಂದು ಗುಮಾಸ್ತರೊಬ್ಬರು ಹೇಳಿದ್ದೂ ಉಂಟು. ಆ ಪತ್ರಗಳಿಂದ ದಾದಿಯರು ಹೆಚ್ಚಲಿಲ್ಲವೆಂಬುದು ನಿಜ. ಆದರೆ ಒಂದು ಸಲ, ಒಬ್ಬ ಹುಡುಗಿಯ ಮೇಲೆ ಆರೋಪ ಬಂದಾಗ, ಆ ರಾತ್ರಿ ಆಕೆ ಎಷ್ಟು ಜನರನ್ನು ನೋಡಿಕೊಳ್ಳುತ್ತಿದ್ದಳೆಂಬುದಕ್ಕೆ ಆಧಾರವಾಗಿ ಇದ್ದದ್ದು ನನ್ನ ಕಪಾಟಿನ ಪ್ರತಿ ಮಾತ್ರ.

ಪ್ರತಿ ಪಾಳಿಯ ಆರಂಭದಲ್ಲಿ ಆಮ್ಲಜನಕದ ಸಿಲಿಂಡರಿನ ಕೀಲಿ ತಿರುಗಿಸಿ ನೋಡಬೇಕೆಂದೂ ನಿಯಮ ಮಾಡಿದ್ದೆ. ಲುಧಿಯಾನಾದ ಒಂದು ಆಸ್ಪತ್ರೆಯಲ್ಲಿ 1995ರಲ್ಲಿ ಉಸಿರಾಟದ ತೊಂದರೆಯಿದ್ದ ರೋಗಿಗೆ ತಂದು ಜೋಡಿಸಿದ ಸಿಲಿಂಡರು ಬರಿದಾಗಿತ್ತು. ಇನ್ನೊಂದು ಬರುವಷ್ಟರಲ್ಲಿ ರೋಗಿ ತೀರಿಕೊಂಡರು. ಜೇಕಬ್ ಮ್ಯಾಥ್ಯೂ ಪ್ರಕರಣವೆಂದು ಪ್ರಸಿದ್ಧವಾದ ಆ ಮೊಕದ್ದಮೆಯಲ್ಲಿ 2005ರಲ್ಲಿ ಸುಪ್ರೀಂ ಕೋರ್ಟು, ಅತಿಯಾದ ನಿರ್ಲಕ್ಷ್ಯವಿದ್ದರೆ ಮಾತ್ರ ವೈದ್ಯರನ್ನು ಕ್ರಿಮಿನಲ್ ಆಗಿ ಹೊಣೆ ಮಾಡಬಹುದೆಂದಿತು. ಸಿಲಿಂಡರು ಇಲ್ಲದ್ದಕ್ಕೆ ಆಸ್ಪತ್ರೆ ಸಿವಿಲ್ ಹೊಣೆ ಹೊರಬೇಕಾಗಬಹುದೆಂದಿತು. ವೈದ್ಯಲೋಕ ನಿಟ್ಟುಸಿರು ಬಿಟ್ಟಿತು. ನನಗೆ ಮಾತ್ರ ಆ ತೀರ್ಪನ್ನು ಓದುವಾಗ ಕಣ್ಣಿಗೆ ಕಟ್ಟಿದ್ದು ಬರಿದಾದ ಸಿಲಿಂಡರು.

ಈಚಿನ ಒಂದು ಬದಲಾವಣೆಯನ್ನು ನಮ್ಮ ದಾದಿಯರಲ್ಲಿ ಅನೇಕರು ಇನ್ನೂ ಅರಿತಿಲ್ಲ. ಹಳೆಯ ದಂಡ ಸಂಹಿತೆಯ 304ಎ ಕಲಮಿನಲ್ಲಿ ನಿರ್ಲಕ್ಷ್ಯದಿಂದ ಸಾವು ಉಂಟುಮಾಡಿದರೆ ಯಾರಿಗೇ ಆಗಲಿ ಎರಡು ವರ್ಷದವರೆಗೆ ಸಜೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 106ನೆಯ ಕಲಮಿನಲ್ಲಿ ಅದು ಐದು ವರ್ಷದವರೆಗೆ ಏರಿದೆ. ಚಿಕಿತ್ಸೆ ನಡೆಸುತ್ತಿರುವ ನೋಂದಾಯಿತ ವೈದ್ಯರಿಗೆ ಮಾತ್ರ ಎರಡು ವರ್ಷವೇ ಉಳಿದಿದೆ. ಆ ರಿಯಾಯಿತಿಯ ವ್ಯಾಖ್ಯೆಯಲ್ಲಿ ದಾದಿ ಇಲ್ಲ. ಒಂದೇ ಹಾಸಿಗೆಯ ಎರಡು ಬದಿಗೆ ನಿಂತವರಿಗೆ ಎರಡು ತೂಕ. ಇದನ್ನು ಬರೆದವರು ರಾತ್ರಿಯ ಪಾಳಿಯ ವಾರ್ಡನ್ನು ನೋಡಿದವರಲ್ಲವೆಂದು ನನ್ನ ಅನಿಸಿಕೆ.

ದಾದಿ ಎಲ್ಲರಿಗೂ ಉತ್ತರ ಕೊಡಬೇಕು, ಸರಿ. ದಾದಿಗೆ ಉತ್ತರ ಕೊಡುವವರು ಯಾರು? ಈ ಪ್ರಶ್ನೆ ಬಂದಾಗಲೆಲ್ಲ ಅರುಣಾ ಶಾನಭಾಗರು ನೆನಪಾಗುತ್ತಾರೆ. ಉತ್ತರ ಕನ್ನಡದ ಹಳದೀಪುರದಿಂದ ಮುಂಬಯಿಗೆ ಹೋಗಿ ಪರೇಲಿನ ಕೆ.ಇ.ಎಂ. ಆಸ್ಪತ್ರೆಯಲ್ಲಿ ದಾದಿಯಾಗಿದ್ದ ಕನ್ನಡದ ಹೆಣ್ಣುಮಗಳು. ಕೆಳಗಿನ ನೌಕರನೊಬ್ಬನನ್ನು ಕೆಲಸದ ವಿಷಯದಲ್ಲಿ ಗದರಿಸಿದ್ದರು. ಅಂದರೆ ಮೇಲ್ವಿಚಾರಕಿ ಮಾಡಬೇಕಾದುದನ್ನೇ ಮಾಡಿದ್ದರು. 1973ರ ನವೆಂಬರ್ 27ರಂದು ಅವನು ನಾಯಿಯ ಸರಪಳಿಯಿಂದ ಕತ್ತು ಬಿಗಿದು ಅವರ ಮೇಲೆ ಹಲ್ಲೆ ಮಾಡಿದ. ಮಿದುಳಿಗೆ ಆಮ್ಲಜನಕ ಹೋಗದೆ, ಆಕೆ ಮತ್ತೆ ಏಳಲೇ ಇಲ್ಲ. ಕಳವು ಮತ್ತು ಕೊಲೆಯ ಯತ್ನಕ್ಕಾಗಿ ಅವನಿಗೆ ಏಳು ವರ್ಷ ಸಜೆಯಾಯಿತು. ಲೈಂಗಿಕ ಹಲ್ಲೆಯ ಆರೋಪ ಆ ಪ್ರಕರಣದಲ್ಲಿ ಸೇರಲೇ ಇಲ್ಲ. ಬರೆಯದೆ ಉಳಿದ ಸಾಲಿಗೆ ಶಿಕ್ಷೆಯೂ ಇಲ್ಲ.

ಇನ್ನೊಂದು ಬದಿಯೂ ಇದೆ. ನಲವತ್ತೆರಡು ವರ್ಷ ಅದೇ ಆಸ್ಪತ್ರೆಯ ದಾದಿಯರು, ಪೀಳಿಗೆಯ ನಂತರ ಪೀಳಿಗೆ, ಆಕೆಯನ್ನು ಉಣ್ಣಿಸಿ, ಮೀಯಿಸಿ, ಮಗ್ಗುಲು ಬದಲಿಸಿ ನೋಡಿಕೊಂಡರು. ಹಾಸಿಗೆ ಹಿಡಿದ ರೋಗಿಯ ಬೆನ್ನಿನ ಮೇಲೆ ಎರಡೇ ವಾರದ ಅಲಕ್ಷ್ಯ ಹುಣ್ಣಾಗಿ ಕಾಣಿಸುತ್ತದೆ. ಅರುಣಾ ಅವರ ಮೈಮೇಲೆ ಅಷ್ಟು ವರ್ಷವಾದರೂ ಹುಣ್ಣಿಲ್ಲವೆಂಬುದು ಸುಪ್ರೀಂ ಕೋರ್ಟಿನ ಮುಂದೆ ಬಂದ ಸಂಗತಿ. ಆಕೆಗೆ ದಯಾಮರಣ ಬೇಕೆಂಬ ಅರ್ಜಿಯನ್ನು 2011ರ ಮಾರ್ಚ್ 7ರಂದು ನಿರಾಕರಿಸಿದಾಗ, ಆಕೆಯ ಪರವಾಗಿ ಮಾತಾಡುವ ಹಕ್ಕು ಆಸ್ಪತ್ರೆಯ ಆ ಸಿಬ್ಬಂದಿಗೇ ಇದೆಯೆಂದು ನ್ಯಾಯಾಲಯ ಒಪ್ಪಿತು. 2015ರ ಮೇ 18ರಂದು ಆಕೆ ತೀರಿಕೊಂಡರು. ಹೀಗೆ ನೋಡಿಕೊಳ್ಳಿರೆಂದು ಆ ದಾದಿಯರಿಗೆ ಯಾವ ಕಲಮೂ ಹೇಳಿರಲಿಲ್ಲ.

ಇನ್ನು ನಮ್ಮ ಅಜ್ಜಿಯ ಮಾತು. ಬಿಡುಗಡೆಯ ದಿನ ಆಕೆಗೆ ಒಂದು ರಟ್ಟಿನ ಚೀಟಿ ಬರೆದು ಕೊಟ್ಟಿದ್ದೆ. ಪೆನ್ಸಿಲಿನ್ ಎಂಬ ಚುಚ್ಚುಮದ್ದು ಇವರಿಗೆ ಕೊಡಕೂಡದು ಎಂದು ಕೆಂಪು ಮಸಿಯಲ್ಲಿ, ಮೇಲೆ ಕನ್ನಡ, ನಡುವೆ ಮರಾಠಿ, ಕೆಳಗೆ ಇಂಗ್ಲಿಷ್. ಯಾವ ಆಸ್ಪತ್ರೆಗೆ ಹೋದರೂ ಮೊದಲು ಇದನ್ನು ತೋರಿಸಬೇಕೆಂದು ಹೇಳಿದ್ದೆ. ಆಕೆಗೆ ಓದಲು ಬರದು. ಚೀಟಿಯನ್ನು ಮಡಿಸಿ ಎಲೆಯಡಿಕೆಯ ಚೀಲದಲ್ಲಿ ಇಟ್ಟುಕೊಂಡಳು. "ನೀ ಆವತ್ತ ನನ್ನ ಮಾತ ಕೇಳಿದ್ದೆಲ್ಲ ಯವ್ವಾ, ಮತ್ಯಾಕ ಹಂಗಾತು?" ಎಂದಳು. ನಾನು ಉತ್ತರಿಸಲಿಲ್ಲ.

ಎರಡು ವರ್ಷಗಳ ನಂತರ ಆಕೆ ಕಣ್ಣಿನ ತೋರಿಕೆಗೆಂದು ಬಂದಾಗ ಜೊತೆಗೆ ಮೊಮ್ಮಗನಿದ್ದ. ನಮ್ಮ ಈ ಶಾಲೆಯಲ್ಲಿಯೇ ಆರನೆಯ ಇಯತ್ತೆಯಲ್ಲಿದ್ದ ಹುಡುಗ. ಅಜ್ಜಿ ಚೀಲ ಬಿಚ್ಚಿ ಚೀಟಿ ತೆಗೆದು ನನಗೇ ತೋರಿಸಿದಳು. ಸುಣ್ಣ ತಾಗಿ ಅಂಚು ಸವೆದಿತ್ತು. ಹುಡುಗ ಅದನ್ನು ಇಸಿದುಕೊಂಡು ಜೋರಾಗಿ ಓದಿದ. ಓದಿ, ಸ್ವಲ್ಪ ಹೊತ್ತು ಸುಮ್ಮನಿದ್ದು, "ಸಿಸ್ಟರ್, ಇಲ್ಲಿ ಚುಚ್ಚುಮದ್ದಿನಾಗ ಒಂದು ಒತ್ತು ಬಿಟ್ಟೀರಿ," ಎಂದ.

ನೋಡಿದೆ. ಬಿಟ್ಟಿದ್ದೆ. ಮೇಜಿನಿಂದ ಪೆನ್ನು ತೆಗೆದುಕೊಂಡು ಆ ಪದದ ಮೇಲೆ ಒಂದು ಗೆರೆ ಎಳೆದು, ಮೇಲ್ಗಡೆ ಸರಿಯಾಗಿ ಬರೆದು, ಪಕ್ಕದಲ್ಲಿ ಅಂದಿನ ತಾರೀಖು ಹಾಕಿ ಅವನ ಕೈಗೆ ಕೊಟ್ಟೆ.